ಮಧ್ಯಮಮಾರ್ಗಿಯೋ, ಸಿದ್ಧಾಂತನಿಷ್ಠರೋ: ಟಿಕೆಟ್ ಕೊಡುವ ಮುನ್ನ ಪಕ್ಷ ಮಾಡಬೇಕಾದ ಲೆಕ್ಕ

ಅಭ್ಯರ್ಥಿ ಆಯ್ಕೆ ಸಮಿತಿ ಸಭೆ ಸೇರಿದಾಗಲೆಲ್ಲ ಎರಡು ವಾದಗಳು ಎದುರುಬದುರಾಗುತ್ತವೆ. ಯಾವ ಪಕ್ಷಕ್ಕೂ ಗಟ್ಟಿಯಾಗಿ ಅಂಟಿಕೊಳ್ಳದ ಮತದಾರರು ಒಪ್ಪುವಂಥ ಮಧ್ಯಮಮಾರ್ಗಿಯನ್ನು ನಿಲ್ಲಿಸಿದರೆ ಮಾತ್ರ ಗೆಲುವು ಸಾಧ್ಯ ಎಂಬುದು ಒಂದು ವಾದ. ಪಕ್ಷದ ತತ್ವಗಳನ್ನು ಅಳುಕಿಲ್ಲದೆ ಹೇಳುವ ಸಿದ್ಧಾಂತನಿಷ್ಠರನ್ನು ನಿಲ್ಲಿಸಿದರೆ ಕಾರ್ಯಕರ್ತರು ಹುರುಪಿನಿಂದ ದುಡಿಯುತ್ತಾರೆ, ಬೇಸತ್ತು ಮನೆಯಲ್ಲಿ ಉಳಿದ ಬೆಂಬಲಿಗರೂ ಮತಗಟ್ಟೆಗೆ ಬರುತ್ತಾರೆ ಎಂಬುದು ಇನ್ನೊಂದು. ಎರಡೂ ಕಡೆಯವರಿಗೆ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ. ಅಮೆರಿಕದ ರಿಪಬ್ಲಿಕನ್ ಪಕ್ಷ 1964ರಲ್ಲಿ ಕಟ್ಟಾ ಸಂಪ್ರದಾಯವಾದಿ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿ 50 ರಾಜ್ಯಗಳಲ್ಲಿ 6ನ್ನು ಮಾತ್ರ ಗೆದ್ದಿತು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಎಡಪಂಥೀಯ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಬಿಟ್ಟರೆ ಬೇರೇನೂ ದಕ್ಕಲಿಲ್ಲ. ಆದರೆ ಗೋಲ್ಡ್‌ವಾಟರ್ ಪರಂಪರೆಯಲ್ಲೇ ಬೆಳೆದ ರೊನಾಲ್ಡ್ ರೇಗನ್ 1980ರಲ್ಲಿ 44 ರಾಜ್ಯಗಳನ್ನು ಗೆದ್ದರು, ಮತ್ತು ತಮ್ಮ ಪಕ್ಷದ ಅಂಚಿನಲ್ಲಿ ಎಂದೂ ನಿಂತಿರದ ವಾಲ್ಟರ್ ಮಾಂಡೇಲ್ 1984ರಲ್ಲಿ 49 ರಾಜ್ಯಗಳನ್ನು ಸೋತರು.

ಆದ್ದರಿಂದ ಉದಾಹರಣೆಗೆ ಉದಾಹರಣೆ ಎದುರಿಟ್ಟು ವಾದಿಸುವುದನ್ನು ಸಮಿತಿ ಮೊದಲು ನಿಲ್ಲಿಸಬೇಕು. ಯಾರು ಉತ್ತಮರು ಎಂಬ ಪ್ರಶ್ನೆಗೆ ಎಲ್ಲ ಕ್ಷೇತ್ರಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ; ಒಂದು ನಿರ್ದಿಷ್ಟ ಕ್ಷೇತ್ರದಲ್ಲಿ, ಒಂದು ನಿರ್ದಿಷ್ಟ ಚುನಾವಣೆಯಲ್ಲಿ, ನಿರ್ದಿಷ್ಟ ಇಬ್ಬರು ಆಕಾಂಕ್ಷಿಗಳ ನಡುವೆ ಮಾತ್ರ ಉತ್ತರವಿದೆ. ಬಿಗಿ ಪೈಪೋಟಿಯ ಕ್ಷೇತ್ರದಲ್ಲಿ ಮಧ್ಯಮಮಾರ್ಗಿಗೆ ಟಿಕೆಟ್ ಕೊಡುವುದು ಬಹುಪಾಲು ಸಂದರ್ಭಗಳಲ್ಲಿ ಸರಿಯೆಂದೂ, ಗೆಲುವು ಖಚಿತವಿರುವ ಕ್ಷೇತ್ರದಲ್ಲಿ ಸಿದ್ಧಾಂತನಿಷ್ಠರನ್ನು ಬದಿಗೊತ್ತಿ ಮಧ್ಯಮಮಾರ್ಗಿಯನ್ನು ನಿಲ್ಲಿಸುವುದು ಪಕ್ಷ ತನ್ನ ಮತದಾರರಿಗೇ ಮಾಡುವ ಅನ್ಯಾಯವೆಂದೂ ನಾನು ನಂಬುತ್ತೇನೆ. ಆದರೆ ಈ ನಂಬಿಕೆಯನ್ನು ಹಾಗೆಯೇ ಒಪ್ಪಿಕೊಳ್ಳಬೇಕಿಲ್ಲ. ಅದನ್ನು ಲೆಕ್ಕಕ್ಕೆ ಒಡ್ಡಿ ನೋಡುವ ವಿಧಾನವನ್ನು ಇಲ್ಲಿ ಹೇಳಿದ್ದೇನೆ.

ಮೊದಲು ಕ್ಷೇತ್ರ, ಆಮೇಲೆ ವ್ಯಕ್ತಿ

ಆಕಾಂಕ್ಷಿಗಳ ಹೆಸರು ಮೇಜಿನ ಮೇಲೆ ಬರುವ ಮುನ್ನವೇ ಕ್ಷೇತ್ರದ ಸ್ವರೂಪವನ್ನು ಬರೆದು ಒಪ್ಪಿಕೊಳ್ಳುವುದು ಒಳ್ಳೆಯದು. ಹೆಸರು ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಮೆಚ್ಚಿನವರಿಗೆ ಅನುಕೂಲವಾಗುವಂತೆ ಕ್ಷೇತ್ರವನ್ನು ವರ್ಣಿಸತೊಡಗುತ್ತಾರೆ. ಹಿಂದಿನ ಒಂದೇ ಚುನಾವಣೆಯ ಫಲಿತಾಂಶವನ್ನು ನಂಬಬಾರದು, ಏಕೆಂದರೆ ಅದರಲ್ಲಿ ಆ ವರ್ಷದ ಅಲೆ, ಎದುರಾಳಿಯ ದೌರ್ಬಲ್ಯ, ಬಂಡಾಯ ಅಭ್ಯರ್ಥಿ ಕಿತ್ತುಕೊಂಡ ಮತ ಎಲ್ಲವೂ ಬೆರೆತಿರುತ್ತವೆ. ಕನಿಷ್ಠ ಮೂರು ಚುನಾವಣೆಗಳನ್ನು ತೆಗೆದುಕೊಂಡು, ಪ್ರತಿ ಬಾರಿ ಪಕ್ಷ ಇಡೀ ದೇಶದಲ್ಲಿ ಅಥವಾ ರಾಜ್ಯದಲ್ಲಿ ಪಡೆದ ಮತಪ್ರಮಾಣಕ್ಕಿಂತ ಈ ಕ್ಷೇತ್ರದಲ್ಲಿ ಎಷ್ಟು ಹೆಚ್ಚು ಅಥವಾ ಕಡಿಮೆ ಪಡೆಯಿತು ಎಂದು ನೋಡಿದರೆ, ಅಲೆಯನ್ನು ಕಳೆದ ಮೇಲೆ ಉಳಿಯುವ ನಿಜವಾದ ಒಲವು ಕಾಣುತ್ತದೆ.

ಎರಡನೆಯದು ಚುನಾವಣೆಯ ನಿಯಮ. ಇದನ್ನು ಎಲ್ಲರೂ ಬಲ್ಲರೆಂದು ಭಾವಿಸಿ ಸಮಿತಿಗಳು ಬೇಗ ದಾಟಿಹೋಗುತ್ತವೆ, ಆದರೆ ಮಧ್ಯಮಮಾರ್ಗಿಯ ಬೆಲೆ ಬಹುಮಟ್ಟಿಗೆ ಇಲ್ಲೇ ನಿರ್ಧಾರವಾಗುತ್ತದೆ. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಇಬ್ಬರೇ ಪ್ರಬಲ ಸ್ಪರ್ಧಿಗಳಿದ್ದರೆ ನಡುವಿನ ಮತ ನಿರ್ಣಾಯಕವಾಗುತ್ತದೆ. ಅದೇ ಪದ್ಧತಿಯಲ್ಲಿ ನಾಲ್ಕು ಮೂಲೆಯ ಸ್ಪರ್ಧೆ ನಡೆದರೆ ಶೇ 30ರಷ್ಟು ಗಟ್ಟಿ ಮತವಿರುವ ಸಿದ್ಧಾಂತನಿಷ್ಠರು ಯಾರನ್ನೂ ಒಲಿಸದೆ ಗೆಲ್ಲಬಹುದು. ಎರಡು ಸುತ್ತಿನ ಪದ್ಧತಿಯಲ್ಲಿ ಮಧ್ಯಮಮಾರ್ಗಿ ಎರಡನೆಯ ಸುತ್ತಿನಲ್ಲಿ ಬಲಶಾಲಿ, ಆದರೆ ಮೊದಲ ಸುತ್ತನ್ನು ದಾಟಲೇಬೇಕು. 2002ರಲ್ಲಿ ಫ್ರಾನ್ಸಿನ ಪ್ರಧಾನಿಯಾಗಿದ್ದ ಲಿಯೊನೆಲ್ ಜೋಸ್ಪಿನ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಕಣದಲ್ಲಿ 16 ಅಭ್ಯರ್ಥಿಗಳಿದ್ದರು. ಎಡಪಂಥದ ಮತ ಹಲವು ಪಾಲಾಗಿ ಅವರಿಗೆ ಶೇ 16.18 ಬಂತು, ಶೇ 16.86 ಪಡೆದ ಬಲಪಂಥದ ಅಂಚಿನ ಜಾನ್ ಮರಿ ಲ ಪೆನ್ ಎರಡನೆಯ ಸುತ್ತಿಗೆ ಹೋದರು. ಆ ಸುತ್ತಿನಲ್ಲಿ ಜಾಕ್ ಶಿರಾಕ್ ಶೇ 82ರಷ್ಟು ಮತ ಪಡೆದದ್ದನ್ನು ನೋಡಿದರೆ, ಅಂಚಿನ ಅಭ್ಯರ್ಥಿಗೆ ಕೊನೆಯ ಸುತ್ತು ಎಷ್ಟು ಕಠಿಣ ಎಂಬುದೂ ತಿಳಿಯುತ್ತದೆ.

ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು ಎಂದು ಕ್ರಮವಾಗಿ ಗುರುತಿಸುವ, ಕಡಿಮೆ ಮತ ಬಿದ್ದವರು ಒಬ್ಬೊಬ್ಬರಾಗಿ ಹೊರಬೀಳುವ ಪ್ರಾಶಸ್ತ್ಯ ಮತದ ಪದ್ಧತಿಯೂ ಮಧ್ಯಮಮಾರ್ಗಿಗೆ ಖಚಿತವಾದ ರಕ್ಷಣೆಯಲ್ಲ. ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ 2022ರ ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಮೂವರು ಉಳಿದಿದ್ದರು. ಮೂವರಲ್ಲಿ ನಡುವಿನವರಾಗಿದ್ದ ನಿಕ್ ಬೆಗಿಚ್ ಅವರನ್ನು ಮೇರಿ ಪೆಲ್ಟೋಲಾ ಅವರೊಬ್ಬರ ಎದುರು ಅಥವಾ ಸಾರಾ ಪೇಲಿನ್ ಅವರೊಬ್ಬರ ಎದುರು ಇಟ್ಟು ಎಣಿಸಿದರೆ ಎರಡರಲ್ಲೂ ಅವರೇ ಗೆಲ್ಲುತ್ತಿದ್ದರೆಂದು ಮತಪತ್ರಗಳ ದಾಖಲೆ ತೋರಿಸಿತು. ಆದರೂ ಮೊದಲ ಪ್ರಾಶಸ್ತ್ಯ ಕಡಿಮೆ ಬಿದ್ದ ಕಾರಣ ಅವರೇ ಮೊದಲು ಹೊರಬಿದ್ದರು, ಪೆಲ್ಟೋಲಾ ಗೆದ್ದರು. ಎಲ್ಲರಿಗೂ ಎರಡನೆಯ ಆಯ್ಕೆಯಾಗಿ, ಯಾರಿಗೂ ಮೊದಲ ಆಯ್ಕೆಯಾಗದ ಅಭ್ಯರ್ಥಿ ಇಂಥ ಕಡೆ ಸೋಲುತ್ತಾರೆ. ಇನ್ನು ನೆದರ್ಲೆಂಡ್ಸ್‌ನಂತೆ ಇಡೀ ದೇಶದ ಮತಪ್ರಮಾಣಕ್ಕೆ ತಕ್ಕಂತೆ 150 ಸ್ಥಾನಗಳನ್ನು ಹಂಚುವ ಕಡೆ ಸುಮಾರು ಶೇ 0.67 ಮತಕ್ಕೇ ಒಂದು ಸ್ಥಾನ ಸಿಗುತ್ತದೆ. ಅಲ್ಲಿ ಚಿಕ್ಕ ಪಕ್ಷಕ್ಕೆ ಸ್ಪಷ್ಟ ಸಿದ್ಧಾಂತವೇ ಬಂಡವಾಳ. ಮತದಾನ ಕಡ್ಡಾಯವಾಗಿರುವ ಆಸ್ಟ್ರೇಲಿಯಾದಂಥ ದೇಶದಲ್ಲಿ, ಬೆಂಬಲಿಗರನ್ನು ಮತಗಟ್ಟೆಗೆ ತರುತ್ತಾರೆ ಎಂಬ ಸಿದ್ಧಾಂತನಿಷ್ಠರ ಮುಖ್ಯ ವಾದ ಬಹಳಷ್ಟು ಬಲ ಕಳೆದುಕೊಳ್ಳುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ

ಮತದಾರರನ್ನು ಎಡದಿಂದ ಬಲಕ್ಕೆ ಒಂದು ಸಾಲಿನಲ್ಲಿ ನಿಲ್ಲಿಸಿದರೆ, ಸರಿಯಾಗಿ ನಡುವೆ ನಿಲ್ಲುವ ಮತದಾರನ ಒಲವಿಗೆ ಹತ್ತಿರವಿರುವ ಅಭ್ಯರ್ಥಿ ಇಬ್ಬರ ಸ್ಪರ್ಧೆಯಲ್ಲಿ ಗೆಲ್ಲುತ್ತಾರೆ ಎಂಬ ತರ್ಕವನ್ನು ಡಂಕನ್ ಬ್ಲ್ಯಾಕ್ 1948ರಲ್ಲಿ, ಆಂಟನಿ ಡೌನ್ಸ್ 1957ರಲ್ಲಿ ಬೆಳೆಸಿದರು. ಇದು ಸರಿಯಾಗಬೇಕಾದರೆ ಸ್ಪರ್ಧಿಗಳು ಇಬ್ಬರೇ ಇರಬೇಕು, ಎಲ್ಲರೂ ಮತ ಹಾಕಬೇಕು, ಎಲ್ಲ ವಿಷಯಗಳೂ ಒಂದೇ ಸಾಲಿನಲ್ಲಿ ಕೂರಬೇಕು, ಅಭ್ಯರ್ಥಿಗಳ ನಿಲುವು ಮತದಾರರಿಗೆ ಗೊತ್ತಿರಬೇಕು. ನಿಜವಾದ ಚುನಾವಣೆಯಲ್ಲಿ ಇವುಗಳಲ್ಲಿ ಒಂದಾದರೂ ತಪ್ಪುತ್ತದೆ.

ಹಾಗಾಗಿ ತರ್ಕಕ್ಕಿಂತ ಅಳತೆ ಮುಖ್ಯ. ಆಂಡ್ರ್ಯೂ ಹಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಉಪಯುಕ್ತವಾದುದು. ಅಮೆರಿಕದ ಕೆಳಮನೆಗೆ 1980ರಿಂದ 2010ರವರೆಗೆ ನಡೆದ ಚುನಾವಣೆಗಳಲ್ಲಿ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಯನ್ನು ಅಂಚಿನ ಅಭ್ಯರ್ಥಿ ಕೂದಲೆಳೆಯಲ್ಲಿ ಗೆದ್ದ ಕ್ಷೇತ್ರಗಳನ್ನೂ ಮಧ್ಯಮಮಾರ್ಗಿ ಕೂದಲೆಳೆಯಲ್ಲಿ ಗೆದ್ದ ಕ್ಷೇತ್ರಗಳನ್ನೂ ಅವರು ಹೋಲಿಸಿದರು. ಅಷ್ಟು ಕಡಿಮೆ ಅಂತರದಲ್ಲಿ ಯಾರು ಗೆದ್ದರು ಎಂಬುದು ಹೆಚ್ಚುಕಡಿಮೆ ಆಕಸ್ಮಿಕವಾದ್ದರಿಂದ ಈ ಹೋಲಿಕೆ ನಂಬಲರ್ಹ. ಅಂಚಿನ ಅಭ್ಯರ್ಥಿ ಗೆದ್ದ ಕಡೆ ಮುಖ್ಯ ಚುನಾವಣೆಯಲ್ಲಿ ಪಕ್ಷದ ಮತಪ್ರಮಾಣ ಸರಾಸರಿ 9ರಿಂದ 13 ಶೇಕಡಾಂಶ, ಗೆಲುವಿನ ಸಂಭವ 35ರಿಂದ 54 ಶೇಕಡಾಂಶ ಕುಸಿದಿತ್ತು. ಹಾಲ್ ಮತ್ತು ಡೇನಿಯಲ್ ಥಾಂಪ್ಸನ್ 2018ರಲ್ಲಿ ಇದರ ಕಾರಣ ಹುಡುಕಿದಾಗ ಕಂಡದ್ದು ಇನ್ನೂ ಗಮನಾರ್ಹ: ಸಿದ್ಧಾಂತನಿಷ್ಠ ಅಭ್ಯರ್ಥಿ ಕಣಕ್ಕಿಳಿದಾಗ ಸ್ವಂತ ಪಕ್ಷದ ಬೆಂಬಲಿಗರಿಗಿಂತ ಎದುರು ಪಕ್ಷದ ಬೆಂಬಲಿಗರೇ ಹೆಚ್ಚಿನ ಪ್ರಮಾಣದಲ್ಲಿ ಮತಗಟ್ಟೆಗೆ ಬರುತ್ತಾರೆ. ನಮ್ಮವರನ್ನು ಎಬ್ಬಿಸುತ್ತೇವೆ ಎಂದು ಹೊರಟವರು ಎದುರಾಳಿಗಳನ್ನೂ ಎಬ್ಬಿಸುತ್ತಾರೆ ಎಂಬುದನ್ನು ಸಮಿತಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇದನ್ನು ಎಲ್ಲ ಕಡೆಗೂ ಹಾಗೆಯೇ ಅನ್ವಯಿಸುವಂತಿಲ್ಲ. ಅದು ಒಂದು ದೇಶದ ಒಂದು ಸದನದ ಅನುಭವ. ಇಬ್ಬರು ಆಕಾಂಕ್ಷಿಗಳ ನಡುವೆ ನಿಲುವಿನ ಅಂತರ ದೊಡ್ಡದಾಗಿದ್ದ ಸ್ಪರ್ಧೆಗಳನ್ನು ಆಧರಿಸಿದ್ದು. ಮತದಾರರು ವ್ಯಕ್ತಿಯನ್ನು ಬಿಟ್ಟು ಪಕ್ಷವನ್ನೇ ನೋಡಿ ಮತ ಹಾಕುವುದು ಹೆಚ್ಚಿದಂತೆ ಮಧ್ಯಮಮಾರ್ಗಿಗೆ ಸಿಗುವ ಲಾಭ ಕಿರಿದಾಗುತ್ತ ಬಂದಿದೆ ಎಂದು ನಂತರದ ಅಧ್ಯಯನಗಳೂ ತೋರಿಸಿವೆ. ಆದರೆ ಬಿಗಿ ಕ್ಷೇತ್ರದಲ್ಲಿ ಎರಡು ಶೇಕಡಾಂಶವೂ ಫಲಿತಾಂಶ ಬದಲಿಸುತ್ತದೆ.

ಗೆಲುವಿನ ಸಂಭವ ಮತ್ತು ಗೆಲುವಿನ ಬೆಲೆ

ಸಮಿತಿಗಳು ಸಾಮಾನ್ಯವಾಗಿ ಒಂದನ್ನೇ ಕೇಳುತ್ತವೆ: ಯಾರು ಗೆಲ್ಲುತ್ತಾರೆ? ಕೇಳಬೇಕಾದ ಪ್ರಶ್ನೆಗಳು ಎರಡು. ಯಾರು ಗೆಲ್ಲುವ ಸಂಭವ ಎಷ್ಟು, ಮತ್ತು ಗೆದ್ದ ಮೇಲೆ ಅವರಿಂದ ಪಕ್ಷದ ಕಾರ್ಯಕ್ರಮಕ್ಕೆ ಸಿಗುವ ಬೆಂಬಲ ಎಷ್ಟು? ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಸದನದಲ್ಲಿ ಪಕ್ಷಕ್ಕೆ ಮುಖ್ಯವಾದ 10 ಮಸೂದೆಗಳು ಬರುತ್ತವೆ ಎಂದುಕೊಳ್ಳಿ. ಸಿದ್ಧಾಂತನಿಷ್ಠರು ಹತ್ತಕ್ಕೆ ಹತ್ತನ್ನೂ ಬೆಂಬಲಿಸುತ್ತಾರೆ, ಮಧ್ಯಮಮಾರ್ಗಿ 7ನ್ನು ಬೆಂಬಲಿಸುತ್ತಾರೆ, ಎದುರು ಪಕ್ಷದವರು ಗೆದ್ದರೆ ಅವರಿಂದ 1 ಮತ ಸಿಗುತ್ತದೆ. ಮಧ್ಯಮಮಾರ್ಗಿಯ ಗೆಲುವಿನ ಸಂಭವ ಶೇ 60, ಸಿದ್ಧಾಂತನಿಷ್ಠರದು ಶೇ 35 ಎಂದಾದರೆ, ಮಧ್ಯಮಮಾರ್ಗಿಯಿಂದ ನಿರೀಕ್ಷಿಸಬಹುದಾದ ಬೆಂಬಲ 4.6, ಸಿದ್ಧಾಂತನಿಷ್ಠರಿಂದ 4.15, ಮಧ್ಯಮಮಾರ್ಗಿಯೇ ಮೇಲು. ಅದೇ ಸಂಭವ ಶೇ 55 ಮತ್ತು ಶೇ 45 ಎಂದಾದರೆ ಲೆಕ್ಕ 4.3ಕ್ಕೆ 5.05 ಆಗಿ ತಿರುಗುತ್ತದೆ. ಗೆಲುವಿನ ಸಂಭವ ಕಡಿಮೆಯಿದ್ದರೂ ಸಿದ್ಧಾಂತನಿಷ್ಠರನ್ನು ನಿಲ್ಲಿಸುವುದೇ ಇಲ್ಲಿ ಲಾಭಕರ. ಈ ಅಂಕಿಗಳಲ್ಲಿ ಗಡಿ ಎಲ್ಲಿದೆಯೆಂದರೆ, ಸಿದ್ಧಾಂತನಿಷ್ಠರ ಗೆಲುವಿನ ಸಂಭವ ಮಧ್ಯಮಮಾರ್ಗಿಯ ಸಂಭವದ ಮೂರನೇ ಎರಡಕ್ಕಿಂತ ಹೆಚ್ಚಿದ್ದರೆ ಟಿಕೆಟ್ ಅವರಿಗೆ ಹೋಗಬೇಕು. ಭದ್ರ ಕ್ಷೇತ್ರದಲ್ಲಿ ಶೇ 95 ಮತ್ತು ಶೇ 90 ಎಂಬಂಥ ಅಂತರವಷ್ಟೇ ಇರುವುದರಿಂದ ಅಲ್ಲಿ ಚರ್ಚೆಗೇ ಅವಕಾಶವಿಲ್ಲ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಅಗತ್ಯ. ಸದನದಲ್ಲಿ ಬಹುಮತವೇ ಒಂದೆರಡು ಸ್ಥಾನಗಳ ಮೇಲೆ ನಿಂತಿದ್ದರೆ, ಯಾವ ಮಸೂದೆ ಚರ್ಚೆಗೆ ಬರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವೇ ಆ ಸ್ಥಾನದೊಂದಿಗೆ ಬರುತ್ತದೆ. ಆಗ ಹತ್ತರಲ್ಲಿ ಐದು ಸಲ ಮಾತ್ರ ಜೊತೆಗಿರುವ ಸದಸ್ಯರೂ ಅಮೂಲ್ಯರಾಗುತ್ತಾರೆ. ಪಶ್ಚಿಮ ವರ್ಜೀನಿಯಾದಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ನರು ಸುಮಾರು 42 ಶೇಕಡಾಂಶ ಮುಂದಿದ್ದರು, ಆದರೂ 2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾನ್‌ಚಿನ್ ಅಲ್ಲಿ ಸೆನೆಟ್ (ಅಮೆರಿಕದ ಮೇಲ್ಮನೆ) ಸ್ಥಾನ ಉಳಿಸಿಕೊಂಡರು. 2021ರ ಡಿಸೆಂಬರ್‌ನಲ್ಲಿ ಅವರು ತಮ್ಮ ಪಕ್ಷದ ಅತಿ ದೊಡ್ಡ ಮಸೂದೆಯನ್ನು ತಡೆದರು, ಕಾರ್ಯಕರ್ತರು ಕೆರಳಿದರು. ಆದರೆ 2022ರ ಆಗಸ್ಟ್‌ನಲ್ಲಿ ಹವಾಮಾನ ಮತ್ತು ಔಷಧ ಬೆಲೆಯ ಕುರಿತ ಕಾನೂನು ಸೆನೆಟ್‌ನಲ್ಲಿ 51–50ರಿಂದ ಪಾಸಾದಾಗ ಅದರಲ್ಲಿ ಅವರ ಮತವೂ ಇತ್ತು. 2024ರಲ್ಲಿ ಅವರು ಸ್ಪರ್ಧಿಸಲಿಲ್ಲ. ಆ ಸ್ಥಾನ ರಿಪಬ್ಲಿಕನ್ ಪಕ್ಷಕ್ಕೆ ಹೋಯಿತು. ಇದೇ ಲೆಕ್ಕದ ಇನ್ನೊಂದು ಮಗ್ಗುಲು ರಿಪಬ್ಲಿಕನ್ನರಿಗೆ ಎದುರಾದದ್ದು 2017ರ ಜುಲೈನಲ್ಲಿ: ಆರೋಗ್ಯ ವಿಮಾ ಕಾನೂನನ್ನು ರದ್ದುಗೊಳಿಸುವ ಯತ್ನ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ, ಜಾನ್ ಮೆಕೇನ್ ಎಂಬ ಸ್ವಪಕ್ಷದ ಮೂವರಿಂದಲೇ 49–51ರಲ್ಲಿ ಬಿದ್ದುಹೋಯಿತು. ಮಧ್ಯಮಮಾರ್ಗಿಯ ಬೆಲೆಯನ್ನು ಪಕ್ಷ ಇಂಥ ದಿನ ತೆರುತ್ತದೆ, ಅದನ್ನು ಮೊದಲೇ ತಿಳಿದು ಟಿಕೆಟ್ ಕೊಡಬೇಕು.

ಮಿತ್ರಪಕ್ಷಗಳಿಲ್ಲದೆ ಸರ್ಕಾರ ರಚಿಸಲಾಗದ ಕಡೆ, ನಾಯಕತ್ವದ ಮುಖವನ್ನು ಆರಿಸುವಾಗ ಅವರನ್ನೂ ಲೆಕ್ಕಕ್ಕೆ ತರಬೇಕು. ಭಾರತೀಯ ಜನತಾ ಪಕ್ಷ 1995ರ ನವೆಂಬರ್‌ನ ಮುಂಬೈ ಅಧಿವೇಶನದಲ್ಲಿ ಪ್ರಧಾನಿ ಅಭ್ಯರ್ಥಿಯೆಂದು ಸೌಮ್ಯ ಮುಖವೆನಿಸಿದ್ದ ಅಟಲ್ ಬಿಹಾರಿ ವಾಜಪೇಯಿ ಅವರನ್ನು ಘೋಷಿಸಿತು. 1996ರಲ್ಲಿ 161 ಸ್ಥಾನ ಬಂದರೂ ಸಾಕಷ್ಟು ಮಿತ್ರರು ಸಿಗದೆ ಸರ್ಕಾರ 13 ದಿನಗಳಲ್ಲಿ ಮುಗಿಯಿತು. 1998ರಲ್ಲಿ 182 ಸ್ಥಾನಗಳೊಂದಿಗೆ ಅನೇಕ ಪ್ರಾದೇಶಿಕ ಪಕ್ಷಗಳು ಜೊತೆಗೂಡಿದವು. ಸೌಮ್ಯ ಮುಖದ ಫಲ ಒಂದೇ ಚುನಾವಣೆಯಲ್ಲಿ ಕೈಗೆ ಬಾರದೆ ಹೋಗಬಹುದು.

ಅಭ್ಯರ್ಥಿ ನಿಜಕ್ಕೂ ಎಲ್ಲಿದ್ದಾರೆ

ಪಕ್ಷದೊಳಗಿನವರು ಮಧ್ಯಮಮಾರ್ಗಿ ಎಂದು ಕರೆಯುವುದು ಬಹುಮಟ್ಟಿಗೆ ಮೃದು ಮಾತಿನವರನ್ನು; ಉಗ್ರರು ಎನ್ನುವುದು ಏರುದನಿಯವರನ್ನು. ಮತದಾರರು ಗಮನಿಸುವುದು ದನಿಯೊಂದನ್ನೇ ಅಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಮಾತು ಬಹಳ ಬಿರುಸಾಗಿತ್ತು, ಆದರೆ ವೃದ್ಧರ ಪಿಂಚಣಿ ಮತ್ತು ಆರೋಗ್ಯ ಯೋಜನೆಗಳಿಗೆ ಕತ್ತರಿ ಹಾಕುವುದಿಲ್ಲ ಎಂದು ಹೇಳಿ ಅವರು ತಮ್ಮ ಪಕ್ಷದ ಹಲವು ನಾಯಕರಿಗಿಂತ ಆರ್ಥಿಕ ವಿಷಯದಲ್ಲಿ ನಡುವಿಗೆ ಬಂದು ನಿಂತಿದ್ದರು. ಹೀಗಾಗಿ ಪ್ರತಿ ಆಕಾಂಕ್ಷಿಯ ಬಗ್ಗೆ ಮೂರು ಹಾಳೆಗಳನ್ನು ಸಿದ್ಧಪಡಿಸಬೇಕು: ಹಿಂದೆ ಅವರು ಸದನದಲ್ಲೋ ಸ್ಥಳೀಯ ಸಂಸ್ಥೆಯಲ್ಲೋ ಹಾಕಿದ ಮತಗಳು, ಸಾರ್ವಜನಿಕವಾಗಿ ಆಡಿದ ಮಾತುಗಳು, ಮತ್ತು ಕ್ಷೇತ್ರದ ಜನ ಅವರನ್ನು ಹೇಗೆ ಕಾಣುತ್ತಾರೆ ಎಂಬುದು. ಮೂರೂ ಒಂದಕ್ಕೊಂದು ಹೊಂದದಿದ್ದರೆ ಎದುರಾಳಿಗಳು ಪ್ರಚಾರಕ್ಕೆ ಎತ್ತಿಕೊಳ್ಳುವುದು ಆ ವಿರಸವನ್ನೇ.

ಸಂದರ್ಶನದಲ್ಲಿ ಎರಡೂ ಬಗೆಯವರಿಗೆ ಬೇರೆಬೇರೆ ಪ್ರಶ್ನೆ ಕೇಳಬೇಕು. ಮಧ್ಯಮಮಾರ್ಗಿಗೆ: ಪಕ್ಷದ ಯಾವ ಮೂರು ನಿಲುವುಗಳನ್ನು ನೀವು ಯಾವ ಒತ್ತಡ ಬಂದರೂ ಬಿಡುವುದಿಲ್ಲ, ಮತ್ತು ಯಾವುದರಲ್ಲಿ ಪಕ್ಷದ ವಿರುದ್ಧ ಮತ ಹಾಕುತ್ತೀರಿ? ಇದಕ್ಕೆ ನೇರ ಉತ್ತರ ಕೊಡಲಾಗದವರು ಮಧ್ಯಮಮಾರ್ಗಿಗಳಲ್ಲ, ನಿಲುವೇ ಇಲ್ಲದವರು; ಅಂಥವರು ಕಾರ್ಯಕರ್ತರನ್ನೂ ಕಳೆದುಕೊಂಡು, ನಡುವಿನ ಮತದಾರರನ್ನೂ ಗಳಿಸದೆ ಉಳಿಯುತ್ತಾರೆ. ಅವರಿಗೆ ಟಿಕೆಟ್ ಕೊಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಸಿದ್ಧಾಂತನಿಷ್ಠರಿಗೆ: ನಮ್ಮ ತತ್ವವನ್ನು ಒಪ್ಪದ ಮತದಾರರಿಗೆ ನೀವು ಅದನ್ನು ಹೇಗೆ ವಿವರಿಸುತ್ತೀರಿ, ಅವರ ಬದುಕಿಗೆ ಅದರಿಂದ ಏನು ಸಿಗುತ್ತದೆ? ಎದುರಿಗಿರುವವರನ್ನು ಹೀಗಳೆಯದೆ ಐದು ನಿಮಿಷ ಇದಕ್ಕೆ ಉತ್ತರಿಸಬಲ್ಲವರು ಬಿಗಿ ಕ್ಷೇತ್ರದಲ್ಲೂ ಗೆಲ್ಲಬಲ್ಲರು.

ಕಾಲದ ಗಾಳಿಯನ್ನೂ ನೋಡಬೇಕು. 1980ರಲ್ಲಿ ಅಮೆರಿಕದ ಹಣದುಬ್ಬರ ಶೇ 13ರ ಆಸುಪಾಸಿನಲ್ಲಿತ್ತು, ಇರಾನಿನಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು. ಆಡಳಿತದ ವಿರುದ್ಧ ಅಷ್ಟು ಸಿಟ್ಟಿದ್ದಾಗ ರೇಗನ್ ಅವರ ನಿಲುವು ಮತದಾರರಿಗೆ ದೊಡ್ಡ ತಡೆಯೆನಿಸಲಿಲ್ಲ. ಬ್ರಿಟನ್ನಿನ ಲೇಬರ್ ಪಕ್ಷ ಎಡಪಂಥದ ಜೆರೆಮಿ ಕಾರ್ಬಿನ್ ನಾಯಕತ್ವದಲ್ಲಿ 2017ರಲ್ಲಿ ಶೇ 40 ಮತ ಮತ್ತು 262 ಸ್ಥಾನ ಪಡೆದು ಎಲ್ಲರನ್ನೂ ಅಚ್ಚರಿಗೊಳಿಸಿತು, ಅದೇ ನಾಯಕರ ಅಡಿಯಲ್ಲಿ 2019ರಲ್ಲಿ ಶೇ 32ಕ್ಕೂ 202 ಸ್ಥಾನಗಳಿಗೂ ಇಳಿಯಿತು. ಎರಡು ವರ್ಷಗಳಲ್ಲಿ ಅವರ ಸಿದ್ಧಾಂತ ಅಷ್ಟು ಬದಲಾಗಿರಲಿಲ್ಲ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯ, ಚುನಾವಣೆಯ ಪ್ರಶ್ನೆಯನ್ನೇ ಬದಲಿಸಿತ್ತು. ಗಾಳಿ ನಮ್ಮ ಕಡೆಗಿದ್ದರೆ ಸಿದ್ಧಾಂತನಿಷ್ಠರನ್ನು ನಿಲ್ಲಿಸುವ ಖರ್ಚು ಕಡಿಮೆ, ಎದುರಿದ್ದರೆ ಹೆಚ್ಚು.

ಟಿಕೆಟ್ ತಪ್ಪಿದವರು

ಯಾರಿಗೆ ಕೊಟ್ಟರೂ ಇನ್ನೊಬ್ಬರು ಉಳಿಯುತ್ತಾರೆ. ಕನೆಟಿಕಟ್‌ನಲ್ಲಿ 2006ರಲ್ಲಿ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಸೋತ ಜೋ ಲೀಬರ್‌ಮನ್ ಪಕ್ಷೇತರರಾಗಿ ನಿಂತು ಗೆದ್ದರು. ಅಲಾಸ್ಕಾದಲ್ಲಿ 2010ರಲ್ಲಿ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ ಸೋತ ಮರ್ಕೌಸ್ಕಿ ಅವರನ್ನು, ಅವರ ಹೆಸರೇ ಮುದ್ರಣವಾಗಿರದ ಮತಪತ್ರದಲ್ಲಿ ಮತದಾರರು ಕೈಯಾರೆ ಹೆಸರು ಬರೆದು ಗೆಲ್ಲಿಸಿದರು. ಸಿದ್ಧಾಂತದ ಅಂಚಿನಿಂದ ಬರುವ ಸ್ಪರ್ಧೆಯೂ ಅಷ್ಟೇ ಹಾನಿಕರ: 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಫ್ಲಾರಿಡಾದಲ್ಲಿ ಸೋತ ಅಂತರ 537 ಮತ, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅಲ್ಲಿ ಪಡೆದದ್ದು 97,000ಕ್ಕೂ ಹೆಚ್ಚು. ಆದ್ದರಿಂದ ಘೋಷಣೆಗೆ ಮುನ್ನವೇ ಇಬ್ಬರೊಂದಿಗೂ ಪ್ರತ್ಯೇಕವಾಗಿ ಮಾತನಾಡಿ, ಟಿಕೆಟ್ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಬೇಕು, ಮತ್ತು ಬಂಡಾಯವೆದ್ದರೆ ಅವರು ಕೊಂಡೊಯ್ಯಬಹುದಾದ ಮತವನ್ನು ಗೆಲುವಿನ ಸಂಭವದಿಂದ ಕಳೆಯಬೇಕು. ಮಧ್ಯಮಮಾರ್ಗಿಗೆ ಟಿಕೆಟ್ ಸಿಕ್ಕಾಗ ಸಿದ್ಧಾಂತನಿಷ್ಠರ ಒಂದೆರಡು ಮುಖ್ಯ ಬೇಡಿಕೆಗಳನ್ನು ಪ್ರಣಾಳಿಕೆಯಲ್ಲಿ ಸ್ಪಷ್ಟವಾಗಿ ಸೇರಿಸುವುದು, ಅವರಿಗೆ ಪ್ರಚಾರದ ಹೊಣೆ ಕೊಡುವುದು ಬರಿಯ ಸಮಾಧಾನವಾಗಬಾರದು. ವರ್ಷಗಟ್ಟಲೆ ಬೂತ್ ಮಟ್ಟದಲ್ಲಿ ದುಡಿದವರು ಪಕ್ಷದಲ್ಲಿ ಇರುವುದೇ ಆ ತತ್ವಗಳಿಗಾಗಿ, ಅವರಿಗೆ ಆ ಗೌರವ ಸಲ್ಲಬೇಕು.

ಸಭೆಯಲ್ಲಿ

ಸಮೀಕ್ಷೆ ಮಾಡಿಸುವುದಾದರೆ ಪ್ರತಿ ಆಕಾಂಕ್ಷಿಯನ್ನೂ ನಿಜವಾದ ಎದುರಾಳಿಯ ಹೆಸರಿನೊಂದಿಗೆ ಕೇಳಿಸಿ. 1,000 ಜನರ ಸಮೀಕ್ಷೆಯಲ್ಲಿ ಸುಮಾರು 3 ಶೇಕಡಾಂಶದ ದೋಷಮಿತಿ ಇರುತ್ತದೆ, ಎರಡು ಪ್ರತ್ಯೇಕ ಸಮೀಕ್ಷೆಗಳನ್ನು ಹೋಲಿಸುವಾಗ ಅದು 4ನ್ನು ಮೀರುತ್ತದೆ. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ವ್ಯತ್ಯಾಸವೆಂದು ಪರಿಗಣಿಸಬೇಡಿ. ಹೆಸರು ಪರಿಚಿತವಾಗಿರುವವರು ಆರಂಭದಲ್ಲಿ ಮುಂದಿರುವುದು ಸಹಜ, ಹೀಗಾಗಿ ಇಬ್ಬರನ್ನೂ ಬಲ್ಲ ಮತದಾರರ ಉತ್ತರವನ್ನು ಬೇರೆಯಾಗಿ ನೋಡಬೇಕು.

ಚರ್ಚೆ ಶುರುವಾಗುವ ಮುನ್ನ ಪ್ರತಿ ಸದಸ್ಯರೂ ಇಬ್ಬರ ಗೆಲುವಿನ ಸಂಭವವನ್ನು ಚೀಟಿಯಲ್ಲಿ ಬರೆದುಕೊಡಲಿ, ಹಿರಿಯ ನಾಯಕರು ಕೊನೆಯಲ್ಲಿ ಮಾತನಾಡಲಿ. ಮೊದಲೇ ದೊಡ್ಡವರ ಮಾತು ಕೇಳಿದ ಸಭೆಯಲ್ಲಿ ಉಳಿದವರ ಅಂದಾಜು ಅದರ ಕಡೆಗೇ ವಾಲುತ್ತದೆ. ಆ ಅಂದಾಜುಗಳ ನಡುವಿನ ಸಂಖ್ಯೆಯನ್ನು ತೆಗೆದುಕೊಂಡು ಮೇಲಿನ ಲೆಕ್ಕ ಮಾಡಿ, ಆಮೇಲೆ ಚರ್ಚಿಸಿ. ತೀರ್ಮಾನವನ್ನೂ ಅದರ ಹಿಂದಿನ ಅಂಕಿಗಳನ್ನೂ ದಾಖಲಿಸಿ ಮುದ್ರೆ ಹಾಕಿಡಿ. ಫಲಿತಾಂಶ ಬಂದ ಮೇಲೆ ತೆರೆದು, ಗೆದ್ದ ಕ್ಷೇತ್ರಗಳಲ್ಲೂ ಸೋತ ಕ್ಷೇತ್ರಗಳಲ್ಲೂ ಅಂದಾಜು ಎಷ್ಟು ಸರಿಯಾಗಿತ್ತು ಎಂದು ಹೋಲಿಸಿ, ಆ ಕಡತವನ್ನು ಮುಂದಿನ ಆಯ್ಕೆ ಸಮಿತಿಗೆ ಒಪ್ಪಿಸಿ.